ಮರಿ ಬರುವ ಮೊದಲೇ ತೆರೆಯಬೇಕಾದ ಲೆಕ್ಕದ ಪುಸ್ತಕ: ನಾಯಿಮರಿಯ ಆರೋಗ್ಯ ಮತ್ತು ಖರ್ಚಿಗೆ ಸಿದ್ಧತೆ

ಮೈಸೂರಿನ ವಿಜಯನಗರದ ನಮ್ಮ ಮನೆಗೆ ಇದುವರೆಗೆ ಎರಡು ನಾಯಿಮರಿಗಳು ಬಂದಿವೆ. ಮೊದಲನೆಯದು 2019ರಲ್ಲಿ 12,000 ರೂಪಾಯಿ ಕೊಟ್ಟು ತಂದ ಲ್ಯಾಬ್ರಡಾರ್. ಮಾರಿದವರು ಮರಿಗೆ 45 ದಿನ ತುಂಬಿದೆ, ಇಂಜೆಕ್ಷನ್ ಎಲ್ಲವೂ ಆಗಿದೆ ಎಂದು ಒಂದು ಚೀಟಿ ಬರೆದುಕೊಟ್ಟರು. ಮರಿಯ ಬಾಯಿ ತೆರೆದು ನೋಡಿದ ವೈದ್ಯರು ಹಿಂದಿನ ಹಾಲುಹಲ್ಲುಗಳು ಇನ್ನೂ ಪೂರ್ತಿ ಮೂಡಿಲ್ಲ, ಇದಕ್ಕೆ ಐದು ವಾರ ದಾಟಿದ್ದರೆ ಹೆಚ್ಚು ಎಂದರು. ಒಂಬತ್ತನೆಯ ದಿನ ಪಾರ್ವೋ, ಅಂದರೆ ಮರಿಗಳ ಕರುಳಿಗೆ ತಗಲುವ ಮಾರಕ ವೈರಸ್ ರೋಗ, ಕಾಣಿಸಿಕೊಂಡಿತು. ಆರು ದಿನ ಡ್ರಿಪ್ ಹಾಕಿಸಿ ಮರಿಯನ್ನು ಉಳಿಸಿಕೊಳ್ಳುವಷ್ಟರಲ್ಲಿ 16,400 ರೂಪಾಯಿ ಖರ್ಚಾಗಿತ್ತು.

ಎರಡನೆಯದು 2024ರ ಜೂನ್‌ನಲ್ಲಿ ಪಾಂಡವಪುರದ ಹತ್ತಿರದ ಅಕ್ಕನ ಊರಿನಿಂದ ಬಿಟ್ಟಿಯಾಗಿ ಬಂದ ನಾಟಿ ಮರಿ. ಅದು ಬಂದ ದಿನದಿಂದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಖರ್ಚನ್ನೂ ಬರೆದಿಟ್ಟೆ. ಮೊದಲ ನಾಲ್ಕು ತಿಂಗಳಿಗೆ ಊಟ, ಹಾಸಿಗೆ, ಔಷಧಿ ಎಲ್ಲ ಸೇರಿ 19,480 ರೂಪಾಯಿಯಾಯಿತು. ಅದರಲ್ಲಿ ಆಸ್ಪತ್ರೆ, ಲಸಿಕೆ ಮತ್ತು ಜಂತುಹುಳುವಿನ ಔಷಧಿಗೆ ಹೋದದ್ದು 4,780 ರೂಪಾಯಿ ಮಾತ್ರ. ಪುಸ್ತಕ ಕಂಡ ಅಕ್ಕ "ಅಲ್ಲ ಕಣೋ, ನಾಯಿಗೂ ಲೆಕ್ಕದ ಬುಕ್ಕು ಮಡಗಿದ್ದೀಯಾ?" ಎಂದು ನಕ್ಕಿದ್ದಳು. ಆದರೆ ಮರಿಗೆ ಯಾವ ವಾರ ಏನು ಆಗಬೇಕೆಂಬುದು ಗೊತ್ತಿದ್ದರೆ ಯಾವ ವಾರ ಎಷ್ಟು ಹಣ ಬೇಕೆಂಬುದೂ ಗೊತ್ತಾಗುತ್ತದೆ ಎನ್ನುವುದನ್ನು ನಾನು ಕಲಿತದ್ದು ಆ ಪುಸ್ತಕದಿಂದಲೇ. ಇಲ್ಲಿ ಕೊಟ್ಟಿರುವ ದರಗಳು ನಾವು ತೆತ್ತವು. ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ, ಮರಿಯ ತೂಕದಿಂದ ತೂಕಕ್ಕೆ ಅವು ಬದಲಾಗುತ್ತವೆ.

ಮರಿ ಮನೆಗೆ ಬರುವ ಮುನ್ನ

ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ವೈದ್ಯರನ್ನು. ಬೆಲ್ಟು, ಬಟ್ಟಲು, ಹಾಸಿಗೆಯ ಕೊಳ್ಳುವಿಕೆ ಆಮೇಲಾದರೂ ನಡೆಯುತ್ತದೆ. ಮನೆಗೆ ಹತ್ತಿರದ ಒಂದೆರಡು ಕ್ಲಿನಿಕ್ಕುಗಳಿಗೆ ಮುಂಚಿತವಾಗಿ ಹೋಗಿ, ಭಾನುವಾರ ಮತ್ತು ರಾತ್ರಿ ಯಾರು ಸಿಗುತ್ತಾರೆ, ಡ್ರಿಪ್ ಹಾಕಿ ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಇದೆಯೇ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ, ಕರೆಂಟು ಹೋದಾಗ ಲಸಿಕೆಯಿಟ್ಟ ಫ್ರಿಜ್ಜಿಗೆ ಬ್ಯಾಕಪ್ ಇದೆಯೇ ಎಂದು ಕೇಳಬೇಕು. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇಡಬೇಕಾಗುವುದರಿಂದ ಕೊನೆಯ ಪ್ರಶ್ನೆ ಅಧಿಕಪ್ರಸಂಗವಲ್ಲ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಿಸಿಕೊಳ್ಳುವುದೂ ಇಲ್ಲ.

ಸರ್ಕಾರಿ ಆಸ್ಪತ್ರೆಯನ್ನು ಲೆಕ್ಕದಿಂದ ಹೊರಗಿಡುವುದು ಅನೇಕರು ಮಾಡುವ ತಪ್ಪು. ಮೈಸೂರಿನಲ್ಲಿ ಧನ್ವಂತರಿ ರಸ್ತೆಯ ಪಶು ಆಸ್ಪತ್ರೆಯಿದೆ. ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲೂ ಪಶು ಆಸ್ಪತ್ರೆಗಳಿವೆ. ಅಲ್ಲಿ ಶುಲ್ಕ ಕಡಿಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ರೇಬೀಸ್ ಲಸಿಕೆಯ ಉಚಿತ ಶಿಬಿರಗಳೂ ನಡೆಯುತ್ತವೆ. ಹಳ್ಳಿಯ ಕಡೆ ದನಕರುಗಳ ಸರದಿಯೇ ಉದ್ದವಿರುವುದರಿಂದ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಇತರ ರೋಗಗಳ ಸಂಯುಕ್ತ ಲಸಿಕೆಯನ್ನು ಹೊರಗಿನಿಂದ ತರಲು ಹೇಳಿದರೆ ಐಸ್ ಪ್ಯಾಕ್ ಇಟ್ಟ ಡಬ್ಬದಲ್ಲೇ ತರಬೇಕು. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದ ಲಸಿಕೆ ಮರಿಯ ಮೈಗೆ ಹೋಗಿಯೂ ಹೋಗದಂತೆ.

ಹಣವನ್ನು ಎರಡು ಭಾಗ ಮಾಡಿ ಇಡುವುದು ನನ್ನ ಸಲಹೆ. ತಿಂಗಳು ತಿಂಗಳು ಖರ್ಚಾಗುವ ಮೊತ್ತ ಒಂದು. ಒಂದು ದೊಡ್ಡ ಕಾಯಿಲೆಗೆ ಸಾಲುವಷ್ಟು, ಮರಿ ಬರುವ ಮೊದಲೇ ತೆಗೆದಿಟ್ಟ 15ರಿಂದ 20 ಸಾವಿರ ರೂಪಾಯಿ ಇನ್ನೊಂದು. ಎರಡನೆಯದನ್ನು ಒಟ್ಟಿಗೆ ಹೊಂದಿಸಲಾಗದವರು ಮರಿ ತರುವುದನ್ನು ಆರು ತಿಂಗಳು ಮುಂದೂಡಿ, ತಿಂಗಳಿಗೆ 3,000 ರೂಪಾಯಿಯಂತೆ ಆರ್‌ಡಿ ಕಟ್ಟಬಹುದು. ಈ ಮಾತು ಕಠಿಣವೆನಿಸಿದರೂ, ಊಟ ಮತ್ತು ಉಣ್ಣೆ ಮಾತ್ರೆಯ ತಿಂಗಳ ಖರ್ಚೇ ಹೆಚ್ಚುಕಡಿಮೆ ಅಷ್ಟಾಗುವುದರಿಂದ ಆ ಆರು ತಿಂಗಳು ಒಂದು ತಾಲೀಮಿನಂತೆ ಆಗುತ್ತದೆ. ಸಾಕುನಾಯಿಗೆ ವಿಮೆ ಮಾಡಿಸುವವರೂ ಇದ್ದಾರೆ. ಪಾಲಿಸಿ ಕೊಳ್ಳುವ ಮುನ್ನ ಎಷ್ಟು ದಿನ ಕಾದ ಮೇಲೆ ರಕ್ಷಣೆ ಆರಂಭವಾಗುತ್ತದೆ, ಲಸಿಕೆಯಿಂದ ತಡೆಯಬಹುದಾದ ರೋಗಕ್ಕೆ ಹಣ ಬರುತ್ತದೆಯೇ, ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಕಡ್ಡಾಯವೇ ಎಂಬುದನ್ನು ಓದಿ ನೋಡಬೇಕು. ಲಸಿಕೆಯ ದಾಖಲೆ ಇಲ್ಲದವರಿಗೆ ವಿಮೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮನೆಯೊಳಗೆ ಮರಿಯ ಎತ್ತರಕ್ಕೆ ಬಗ್ಗಿ ಒಂದು ಸುತ್ತು ನೋಡಬೇಕು. ನೆಲದ ಮಟ್ಟದ ಚಾರ್ಜರ್ ತಂತಿ, ಅಡುಗೆಮನೆಯ ಮೂಲೆಯಲ್ಲಿಟ್ಟ ಇಲಿಪಾಷಾಣ, ತೆರೆದಿಟ್ಟ ಫಿನಾಯಿಲ್ ಬಾಟಲಿ, ಮುಚ್ಚಳವಿಲ್ಲದ ಸಂಪು ಇವು ಎಲ್ಲರ ಕಣ್ಣಿಗೂ ಬೀಳುತ್ತವೆ. ಬೀಳದೆ ಉಳಿಯುವುದು ಪೂಜೆಗೆಂದು ಬೆಳೆಸಿದ ಕಣಗಿಲೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಕಾಂಪೌಂಡಿಗೊಂದರಂತೆ ಇರುವ ಈ ಗಿಡದ ಎಲೆ, ಹೂವು, ಕಡ್ಡಿ ಎಲ್ಲವೂ ನಾಯಿಯ ಹೃದಯಕ್ಕೆ ವಿಷ, ಮತ್ತು ಹಲ್ಲು ಮೂಡುವ ವಯಸ್ಸಿನ ಮರಿ ಕಚ್ಚದ ಕಡ್ಡಿಯಿಲ್ಲ.

ಎಲ್ಲಿಂದ, ಯಾವ ವಯಸ್ಸಿನಲ್ಲಿ

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಆದರೂ ನಮ್ಮಲ್ಲಿ ಮೂವತ್ತು, ಮೂವತ್ತೈದು ದಿನದ ಮರಿಗಳು ರಟ್ಟಿನ ಡಬ್ಬದಲ್ಲಿ ಮನೆ ಸೇರುತ್ತಲೇ ಇವೆ. ಮರಿ ಚಿಕ್ಕದಾದಷ್ಟೂ ಮುದ್ದು, ಮುದ್ದಾದಷ್ಟೂ ಬೇಗ ಮಾರಾಟ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಕರಗುತ್ತಾ ಬರುವ ಹೊತ್ತಿನಲ್ಲಿ ಜಾಗ, ನೀರು, ಆಹಾರ ಎಲ್ಲವೂ ಒಮ್ಮೆಗೇ ಬದಲಾದರೆ ಮರಿಯ ಮೈ ತಡೆದುಕೊಳ್ಳುವುದಿಲ್ಲ. ಸಾಧ್ಯವಾದರೆ ತಾಯಿಯನ್ನು ಕಣ್ಣಾರೆ ನೋಡಿ, ಅದಕ್ಕೆ ಲಸಿಕೆ ಮತ್ತು ಜಂತುಹುಳುವಿನ ಔಷಧಿ ಆಗಿದೆಯೇ ಎಂದು ಕೇಳಿ. ಅದೇ ಸೂಲಿನ ಬೇರೆ ಮರಿಗಳಿಗೆ ಭೇದಿ ಇದ್ದರೆ ಎಷ್ಟೇ ಮುದ್ದಾಗಿದ್ದರೂ ಅಂದು ಮರಿ ತರಬೇಡಿ.

ನಾಟಿ ಮರಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆಯೂ ಹಳ್ಳಿಯಲ್ಲಿ ಗಟ್ಟಿಯಾಗಿದೆ. ಬೀದಿಯಲ್ಲಿ ಕಣ್ಣಿಗೆ ಬೀಳುವುದು ಬದುಕುಳಿದ ನಾಯಿಗಳಾದ್ದರಿಂದ ಹಾಗೆ ತೋರುತ್ತದೆ. ಪಾರ್ವೋ, ಶ್ವಾಸಕೋಶಕ್ಕೂ ನರಗಳಿಗೂ ತಗಲುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಎರಡೂ ನಾಟಿ ಮರಿಗಳಿಗೆ ಬರುತ್ತವೆ, ಕೊಲ್ಲುತ್ತವೆ. ನಾಟಿ ನಾಯಿಯ ನಿಜವಾದ ಉಳಿತಾಯ ಇರುವುದು ಆಮೇಲೆ: ನಮ್ಮ ಬಿಸಿಲಿಗೆ ಒಗ್ಗಿದ ಮೈ, ಕಡಿಮೆ ಕೂದಲು. ಚಪ್ಪಟೆ ಮೂತಿಯ ಪಗ್‌ನಂತಹ ತಳಿಗೆ ಏಪ್ರಿಲ್ ತಿಂಗಳಲ್ಲಿ ಉಸಿರಾಟವೇ ಕಷ್ಟ. ಅದರ ವೈದ್ಯಕೀಯ ಖರ್ಚೂ ಜೀವನಪರ್ಯಂತ ಹೆಚ್ಚು.

ಮೊದಲ ಭೇಟಿ

ಮರಿ ಮನೆಗೆ ಬಂದ ಒಂದೆರಡು ದಿನಗಳೊಳಗೆ ಮೊದಲ ತಪಾಸಣೆ ಆಗಬೇಕು. ಹೋಗುವಾಗ ಅಂದು ಬೆಳಗಿನ ಮಲವನ್ನು ಪುಟ್ಟ ಡಬ್ಬಿಯಲ್ಲಿ ಕೊಂಡೊಯ್ದರೆ ಹುಳುವಿನ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಮಗೆ ತಪಾಸಣೆಗೆ 300, ಮಲಪರೀಕ್ಷೆಗೆ 200 ರೂಪಾಯಿ ಆಯಿತು. ಕ್ಲಿನಿಕ್ಕಿನ ನೆಲದ ಮೇಲೆ ಮರಿಯನ್ನು ಬಿಡಬೇಡಿ. ಅದಕ್ಕೂ ಮುಂಚೆ ಅಲ್ಲಿ ಕುಳಿತಿದ್ದ ನಾಯಿ ಯಾವ ಕಾಯಿಲೆಯದೋ ಯಾರಿಗೆ ಗೊತ್ತು. ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೇ ಕೂರಿಸಿಕೊಳ್ಳಬೇಕು.

ವೈದ್ಯರು ಹೃದಯ, ಕಣ್ಣು, ಹೊಕ್ಕಳಿನ ಹರ್ನಿಯಾ, ಗಂಡು ಮರಿಯಾದರೆ ವೃಷಣಗಳು ಇಳಿದಿವೆಯೇ ಎಂಬುದನ್ನು ನೋಡುತ್ತಿರುವಾಗ ನೀವು ಎರಡು ವಿಷಯಗಳನ್ನು ಅವರಿಂದ ಕಲಿತುಕೊಂಡು ಬರಬೇಕು. ಒಂದು, ವಸಡು ನೋಡುವುದು. ಮೇಲ್ದುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಇನ್ನೊಂದು, ಗುದದ್ವಾರದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಡುವುದು. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಮೈಗೆ ಹೋಲಿಸಿದರೆ ಅದು ಯಾವಾಗಲೂ ಬಿಸಿಯೇ. ಮೂಗು ಒಣಗಿದೆಯೋ ಒದ್ದೆಯಿದೆಯೋ ಎಂದು ನೋಡಿ ಜ್ವರ ಅಳೆಯುವ ಪದ್ಧತಿಯನ್ನು ಬಿಟ್ಟುಬಿಡಬಹುದು.

ಲಸಿಕೆಯ ವಾರಗಳು

ಇಡೀ ಲೆಕ್ಕದ ತಿರುಳು ಇಲ್ಲಿದೆ. ಸಂಯುಕ್ತ ಲಸಿಕೆ ಡಿಸ್ಟೆಂಪರ್, ಅಡಿನೋ ವೈರಸ್ಸಿನಿಂದ ಯಕೃತ್ತಿಗೆ ಬರುವ ಹೆಪಟೈಟಿಸ್, ಪಾರ್ವೋ, ಕೆಮ್ಮು ತರುವ ಪ್ಯಾರಾಇನ್‌ಫ್ಲುಯೆಂಜಾ ಮತ್ತು ಲೆಪ್ಟೋಸ್ಪೈರೋಸಿಸ್‌ಗಳಿಗೆ ಒಟ್ಟಾಗಿ ಕೊಡುವಂಥದ್ದು. ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ, ಮರಿಗೆ ಹದಿನಾರು ವಾರ ತುಂಬುವವರೆಗೆ ಪುನರಾವರ್ತಿಸಬೇಕು. ನಮ್ಮ ನಾಟಿ ಮರಿಗೆ ಎಂಟು, ಹನ್ನೆರಡು ಮತ್ತು ಹದಿನಾರನೆಯ ವಾರದಲ್ಲಿ, ಸಲಕ್ಕೆ 700 ರೂಪಾಯಿಯಂತೆ ಮೂರು ಸಲ ಕೊಡಿಸಿದೆವು. ರೇಬೀಸ್ ಲಸಿಕೆಯನ್ನು ಹನ್ನೆರಡನೆಯ ವಾರ ಒಮ್ಮೆ, ಹದಿನಾರಕ್ಕೆ ಇನ್ನೊಮ್ಮೆ, ತಲಾ 250 ರೂಪಾಯಿಗೆ ಹಾಕಿಸಿದೆವು.

ಒಂದೇ ಲಸಿಕೆಯನ್ನು ಮೂರು ಸಲ ಏಕೆ ಚುಚ್ಚಬೇಕು, ಇದು ದುಡ್ಡು ಮಾಡುವ ದಾರಿಯಲ್ಲವೇ ಎಂದು ಕೇಳುವವರಿದ್ದಾರೆ. ತಾಯಿಯಿಂದ ಬಂದ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ತಡೆಯುವ ರಕ್ಷಕ ಅಂಶಗಳು, ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆಯನ್ನೂ ಶತ್ರುವೆಂದೇ ಬಗೆದು ಅಡಗಿಸುತ್ತವೆ. ಅವು ಯಾವ ಮರಿಯಲ್ಲಿ ಯಾವ ವಾರ ಕರಗುತ್ತವೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಒಂದರಲ್ಲಿ ಎಂಟನೆಯ ವಾರ, ಇನ್ನೊಂದರಲ್ಲಿ ಹದಿನಾಲ್ಕನೆಯ ವಾರ. ಆದ್ದರಿಂದಲೇ ಲಸಿಕೆ ಹಿಡಿಯುವ ಗಳಿಗೆ ತಪ್ಪಿಹೋಗದಂತೆ ಮತ್ತೆ ಮತ್ತೆ ಕೊಡುವುದು, ಮತ್ತು ಹದಿನಾರನೆಯ ವಾರದ ಡೋಸನ್ನು ಯಾವ ಕಾರಣಕ್ಕೂ ಬಿಡಬಾರದು. ಎರಡು ಇಂಜೆಕ್ಷನ್ ಆಗಿದೆಯಲ್ಲ, ಸಾಕು ಎಂದು ನಿಲ್ಲಿಸುವವರು ಎಲ್ಲಕ್ಕಿಂತ ಮುಖ್ಯವಾದ 700 ರೂಪಾಯಿಯನ್ನು ಉಳಿಸುತ್ತಿದ್ದಾರೆ.

ಲಸಿಕೆ ಹಾಕುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಫ್ರಿಜ್ಜಿನಿಂದ ಎರಡು ಪುಟ್ಟ ಸೀಸೆಗಳು ಬರುತ್ತವೆ. ಒಂದರ ತಳದಲ್ಲಿ ಕರ್ಪೂರದ ಬಿಲ್ಲೆಯಂತೆ ಅಂಟಿಕೊಂಡ ಪುಡಿ, ಇನ್ನೊಂದರಲ್ಲಿ ದ್ರವ. ವೈದ್ಯರು ದ್ರವವನ್ನು ಸಿರಿಂಜಿಗೆ ಎಳೆದು ಪುಡಿಯ ಸೀಸೆಗೆ ಬಿಟ್ಟು, ಅದು ಕರಗಿದ ಮೇಲೆ ಎರಡನ್ನೂ ಸೇರಿಸಿ ಹೆಗಲ ಚರ್ಮ ಎತ್ತಿ ಚುಚ್ಚುತ್ತಾರೆ. ಬಳಿಕ ಸೀಸೆಗಳ ಮೈಮೇಲಿನ ಚೀಟಿಗಳನ್ನು ಸುಲಿದು ಮರಿಯ ಲಸಿಕೆ ಪುಸ್ತಕಕ್ಕೆ ಅಂಟಿಸಿ, ದಿನಾಂಕ ಬರೆದು ಸಹಿ ಹಾಕುತ್ತಾರೆ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರುವ ಆ ಚೀಟಿಯೇ ಲಸಿಕೆಯ ದಾಖಲೆ. ನಮ್ಮ ಲ್ಯಾಬ್ರಡಾರ್‌ಗೆ ಮಾರಿದವರು ಕೊಟ್ಟಂತಹ ಬಿಡಿ ಹಾಳೆಯ ಮೇಲಿನ ಬರಹ ದಾಖಲೆಯಲ್ಲ. ಅಂಥ ಮರಿಯನ್ನು ಲಸಿಕೆಯೇ ಆಗದ ಮರಿಯೆಂದು ಎಣಿಸಿ ಮೊದಲಿನಿಂದ ಆರಂಭಿಸುವುದು ಕ್ಷೇಮ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನ ಹತ್ತಿರವೇ ಇರಿ. ಒಂದು ದಿನದ ಮಂಕು ಸಹಜ. ಮುಖ ಊದಿದರೆ, ಮೈಮೇಲೆ ಗಂಧೆ ಎದ್ದರೆ, ವಾಂತಿಯಾದರೆ ತಕ್ಷಣ ತೋರಿಸಬೇಕು.

ಕಡೆಯ ಡೋಸ್ ಮುಗಿದು ಎರಡು ವಾರ ಕಳೆಯುವವರೆಗೆ ಪಾರ್ಕಿನ ಹುಲ್ಲು, ಕೆರೆಯ ಏರಿ, ಬೀದಿ ನಾಯಿಗಳು ಓಡಾಡುವ ಖಾಲಿ ಸೈಟು ಇವೆಲ್ಲ ಬೇಡ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಿದ್ದು ಚಪ್ಪಲಿಯ ಮೂಲಕವೂ ಮನೆ ಸೇರುತ್ತದೆ. ಹಾಗೆಂದು ಮರಿಯನ್ನು ಕತ್ತಲ ಕೋಣೆಯಲ್ಲಿ ಬೆಳೆಸಿದರೆ ದೊಡ್ಡದಾದ ಮೇಲೆ ಪ್ರತಿ ಸದ್ದಿಗೂ ಹೆದರಿ ಕಚ್ಚುವ ನಾಯಿಯಾಗುತ್ತದೆ. ಮೂರರಿಂದ ಹದಿನಾಲ್ಕನೆಯ ವಾರದವರೆಗಿನ ಅವಧಿ ಲೋಕವನ್ನು ಪರಿಚಯ ಮಾಡಿಕೊಳ್ಳುವ ಅವಧಿ. ಆದ್ದರಿಂದ ಎತ್ತಿಕೊಂಡೇ ಹೊರಗೆ ಹೋಗಿ ಬಸ್ಸು, ಸ್ಕೂಟರು, ತರಕಾರಿ ಗಾಡಿಯ ಕೂಗು, ದೇವಸ್ಥಾನದ ಗಂಟೆ ಎಲ್ಲವನ್ನೂ ತೋರಿಸಿ, ಕೇಳಿಸಿ. ಇದಕ್ಕೆ ಕಾಸು ಬೇಕಿಲ್ಲ, ಸಂಜೆಯ ಇಪ್ಪತ್ತು ನಿಮಿಷ ಸಾಕು.

ಮಂಡ್ಯ ಸೀಮೆಯವರು ಲೆಪ್ಟೋಸ್ಪೈರೋಸಿಸ್ಸನ್ನು ವಿಶೇಷವಾಗಿ ಗಮನಿಸಬೇಕು. ಇಲಿಜ್ವರವೆಂದು ಕರೆಯುವ ಈ ರೋಗದ ಬ್ಯಾಕ್ಟೀರಿಯಾ ಇಲಿಯ ಮೂತ್ರದಿಂದ ನಿಂತ ನೀರಿಗೆ ಸೇರುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರಿನ ಭತ್ತದ ಗದ್ದೆ, ಕಬ್ಬಿನ ಗದ್ದೆಯ ಬದು, ಮಳೆಗಾಲದ ಕೊಟ್ಟಿಗೆ ಇವುಗಳಲ್ಲಿ ಅಡ್ಡಾಡುವ ನಾಯಿಗೆ ಅಪಾಯ ಹೆಚ್ಚು. ನಾಯಿಯಿಂದ ಮನುಷ್ಯರಿಗೂ ಅದು ಹರಡಬಲ್ಲದು. ಈ ಲಸಿಕೆಗೆ ಮೊದಲು ಎರಡು ಡೋಸು, ಆಮೇಲೆ ವರ್ಷ ವರ್ಷ ಒಂದು. ಅಲ್ಲಿಯವರಿಗೆ ಇನ್ನೊಂದು ಮಾತು: ಚಿರತೆ ಓಡಾಡುವ ಊರುಗಳಲ್ಲಿ ಮರಿಯನ್ನು ರಾತ್ರಿ ಜಗಲಿಯಲ್ಲಿ ಕಟ್ಟಬೇಡಿ, ಒಳಗೇ ಮಲಗಿಸಿ.

ರೇಬೀಸ್ ವಿಚಾರದಲ್ಲಿ ಮರಿಯ ಜೊತೆ ಮನೆಯವರ ಲೆಕ್ಕವೂ ಸೇರುತ್ತದೆ. ಲಸಿಕೆಯಾಗದ ಮರಿ ಆಟದಲ್ಲೇ ಹಲ್ಲು ನಾಟಿಸಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರಿಗೆ ತೋರಿಸಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಏನನ್ನೂ ಹಚ್ಚಬಾರದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಸೇರಿದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಉಳಿದವರು ಇಲ್ಲವೆನ್ನುವಷ್ಟು ವಿರಳ.

ಹುಳು ಮತ್ತು ಉಣ್ಣೆ

ಜಂತುಹುಳು ಬಹುಪಾಲು ಮರಿಗಳಿಗೆ ತಾಯಿಯ ಗರ್ಭದಲ್ಲೋ ಹಾಲಿನಲ್ಲೋ ಬಂದಿರುತ್ತದೆ. ಹೊಟ್ಟೆ ಮಡಕೆಯಂತೆ ಉಬ್ಬಿ ಬೆನ್ನುಮೂಳೆ ಕಾಣುತ್ತಿದ್ದರೆ ಅದು ಚೆನ್ನಾಗಿ ತಿಂದು ಬೆಳೆದ ಮರಿಯಲ್ಲ, ಹುಳು ತುಂಬಿದ ಮರಿ. ಎರಡನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆನಂತರ ಮೂರು ತಿಂಗಳಿಗೊಮ್ಮೆ ಔಷಧಿ ಕೊಡುವುದು ರೂಢಿ. ತೂಕಕ್ಕೆ ತಕ್ಕ ಪ್ರಮಾಣ ಬೇಕಾದ್ದರಿಂದ ಪ್ರತಿ ಸಲವೂ ತೂಗಿಸಬೇಕು. ನಾವು ಆರು ಸಲ, ಸಲಕ್ಕೆ 80 ರೂಪಾಯಿಯಂತೆ ಕೊಟ್ಟೆವು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮರಿಯ ಮಲವನ್ನು ಅಂದಂದೇ ತೆಗೆದುಹಾಕಿ, ಮಕ್ಕಳ ಕೈ ತೊಳೆಸಿ. ದುಂಡುಹುಳುವಿನ ಮೊಟ್ಟೆಗಳು ಮಕ್ಕಳ ಹೊಟ್ಟೆ ಸೇರಬಲ್ಲವು.

ಉಣ್ಣೆಯದು ಬೇರೆಯೇ ಕತೆ, ಮತ್ತು ನಮ್ಮ ಕಡೆ ದೊಡ್ಡ ಖರ್ಚು ತರುವುದೂ ಅದೇ. ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣೆ ನಾಯಿಯ ಮೈಯಿಂದ ಉದುರಿ ಗೋಡೆಯ ಬಿರುಕಿನಲ್ಲಿ, ಬಾಗಿಲಿನ ಚೌಕಟ್ಟಿನ ಸಂದಿಯಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಮೈಮೇಲೆ ನಾಲ್ಕು ಕಂಡರೆ ಮನೆಯಲ್ಲಿ ನಾನೂರಿರಬಹುದು ಎಂದೇ ತಿಳಿಯಬೇಕು. ಅವು ಹರಡುವ ಎರ್ಲಿಕಿಯಾ ಮತ್ತು ಬೇಬೀಸಿಯಾ ರೋಗಗಳನ್ನು ನಾವು ಒಟ್ಟಾಗಿ ಉಣ್ಣೆ ಜ್ವರ ಎನ್ನುತ್ತೇವೆ: ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಕೆಲವೊಮ್ಮೆ ಮೂಗಿನಿಂದ ರಕ್ತ ಅಥವಾ ಕಾಫಿ ಬಣ್ಣದ ಮೂತ್ರ. ಎರ್ಲಿಕಿಯಾಗೆ ಸಾಮಾನ್ಯವಾಗಿ ಸುಮಾರು 28 ದಿನ ಮಾತ್ರೆ, ಜೊತೆಗೆ ಮತ್ತೆ ಮತ್ತೆ ರಕ್ತಪರೀಕ್ಷೆ. ಮೂರನೆಯ ದಿನಕ್ಕೆ ಮರಿ ಚೇತರಿಸಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಒಳಗೇ ಉಳಿಯುತ್ತದೆ.

ಪ್ರತಿದಿನ ಸಂಜೆ ಐದು ನಿಮಿಷ ಕಿವಿಯ ಒಳಮಡಿಕೆ, ಬೆರಳುಗಳ ಸಂದಿ, ಕೊರಳಪಟ್ಟಿಯ ಅಡಿ, ಬಾಲದ ಬುಡ ಇಷ್ಟನ್ನು ತಡವಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೆರಳಿಗೆ ಹೆಸರುಕಾಳಿನಂತೆ ಏನಾದರೂ ತಗುಲಿದರೆ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಿಂದ ಒರೆಯುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ತಿಂಗಳಿಗೊಮ್ಮೆ ನುಂಗಿಸುವ ಉಣ್ಣೆ ಮಾತ್ರೆಗೆ ನಮಗೆ 800 ರೂಪಾಯಿಯಂತೆ ನಾಲ್ಕು ತಿಂಗಳಿಗೆ 3,200 ಆಯಿತು. ಇವನ್ನು ಯಾವ ವಯಸ್ಸು, ಯಾವ ತೂಕದಿಂದ ಕೊಡಬಹುದೆಂಬುದನ್ನು ವೈದ್ಯರೇ ಹೇಳಬೇಕು. ಇದು ದುಬಾರಿಯೆಂದು ಹಸುವಿಗೆ ತಂದ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಮರಿಗೆ ಸವರುವುದನ್ನು ನಾನು ಹಳ್ಳಿಯಲ್ಲಿ ಕಂಡಿದ್ದೇನೆ. ಮರಿ ಮೈ ನೆಕ್ಕುತ್ತದೆ, ಜೊಲ್ಲು ಸುರಿಸುತ್ತದೆ, ನಡುಗುತ್ತದೆ. ಉಳಿಸಿದ 800 ರೂಪಾಯಿ ಆ ರಾತ್ರಿಯೇ ಆಟೋ ಬಾಡಿಗೆಗೆ ಹೋಗುತ್ತದೆ.

ಊಟದ ತಟ್ಟೆ

ನಮ್ಮ ಪುಸ್ತಕದಲ್ಲಿ ಅತಿ ಉದ್ದವಾದ ಸಾಲು ಊಟದ್ದು: ತಿಂಗಳಿಗೆ 2,500 ರೂಪಾಯಿ. ಮರಿಗಳಿಗೆಂದೇ ಮಾಡಿದ ಒಣ ಆಹಾರ ಮೂರು ಕಿಲೋ, ಉಳಿದದ್ದು ಮೊಟ್ಟೆ ಮತ್ತು ಬೇಯಿಸಿದ ಕೋಳಿ. ಇದನ್ನು ತಗ್ಗಿಸಲು ಅನ್ನಕ್ಕೆ ಹಾಲು ಕಲಸಿ ಹಾಕುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಬೆಳೆಯುವ ಮರಿಗೆ ಬೇಕಾದ ಪ್ರೋಟೀನು ಅದರಲ್ಲಿಲ್ಲ, ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ತರುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ನಿಜ. ಆದರೆ ಮುದ್ದೆಯೊಂದರಿಂದಲೇ ಮರಿಯ ಮೂಳೆ ಗಟ್ಟಿಯಾಗುವುದಿಲ್ಲ. ಮೊಟ್ಟೆ ಅಥವಾ ಮಾಂಸದ ಜೊತೆಗೆ ಸ್ವಲ್ಪ ಮುದ್ದೆ ಇದ್ದರೆ ಅಡ್ಡಿಯಿಲ್ಲ. ಮನೆಯೂಟವನ್ನೇ ಕೊಡುವುದಾದರೆ ಪ್ರಮಾಣಗಳನ್ನು ವೈದ್ಯರಿಂದ ಬರೆಸಿಕೊಳ್ಳಿ. ದೊಡ್ಡ ತಳಿಯ ಮರಿಗಳಿಗೆ ಕೇಳದೆ ಕ್ಯಾಲ್ಸಿಯಂ ಸಿರಪ್ ಕುಡಿಸುವುದು ಮೂಳೆಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡಬಹುದು.

ತಟ್ಟೆಗೆ ಬೀಳಲೇಬಾರದವುಗಳಲ್ಲಿ ಚಾಕೊಲೇಟನ್ನು ಎಲ್ಲರೂ ಬಲ್ಲರು. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ, ಬಸ್ಸಾರಿನ ಈರುಳ್ಳಿ ಬೆಳ್ಳುಳ್ಳಿ ರಕ್ತಕ್ಕೆ ಹಾನಿ ಎಂಬುದು ಅಷ್ಟಾಗಿ ತಿಳಿದಿಲ್ಲ. ಹಬ್ಬದ ದಿನ ಅತಿಥಿಗಳು ಪ್ರೀತಿಯಿಂದ ಕೊಡುವ ಮೈಸೂರು ಪಾಕಿನ ತುಪ್ಪ ಮರಿಯ ಹೊಟ್ಟೆ ಕೆಡಿಸುತ್ತದೆ. ಆ ನಾಲ್ಕು ತಿಂಗಳಲ್ಲಿ ಆದ ನಮ್ಮ ಐದು ತಪಾಸಣೆಗಳಲ್ಲಿ ಒಂದು ಅಂಥ ಸಂಜೆಯದೇ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳುತ್ತದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಮರಿಯ ಜ್ವರಕ್ಕೆಂದು ಎಂದೂ ಕೊಡಬೇಡಿ.

ಓಡಬೇಕಾದ ಗಳಿಗೆ

ಲ್ಯಾಬ್ರಡಾರ್ ಮರಿ ಒಂಬತ್ತನೆಯ ದಿನ ಬೆಳಿಗ್ಗೆ ಊಟ ಬಿಟ್ಟಿತು, ಮಧ್ಯಾಹ್ನ ಎರಡು ಸಲ ವಾಂತಿ ಮಾಡಿತು. ಬಿಸಿಲಿಗೆ ಹೀಗಾಗಿದೆ ಎಂದು ಮಜ್ಜಿಗೆ ಕುಡಿಸಿದೆವು. ರಾತ್ರಿ ಹತ್ತಕ್ಕೆ ರಕ್ತ ಬೆರೆತ ಭೇದಿ ಶುರುವಾಯಿತು. ಅದರ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಮರುದಿನ ಬೆಳಿಗ್ಗೆ ವೈದ್ಯರು ಹೆಗಲ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಡೇರೆಯಂತೆ ಹಾಗೇ ನಿಂತಿತು, ಮೈಯಲ್ಲಿ ನೀರು ಅಷ್ಟು ಆರಿಹೋಗಿತ್ತು. ಹಿಂದಿನ ಮಧ್ಯಾಹ್ನವೇ ಬಂದಿದ್ದರೆ ಎರಡು ದಿನದ ಡ್ರಿಪ್ ಉಳಿಯುತ್ತಿತ್ತು ಎಂದು ಅವರು ಹೇಳಿದ ಮಾತನ್ನು ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿಟ್ಟಿದ್ದೇನೆ. ಪಾರ್ವೋ ವೈರಸ್ಸನ್ನೇ ಕೊಲ್ಲುವ ಔಷಧಿ ಸಾಮಾನ್ಯ ಚಿಕಿತ್ಸೆಯಲ್ಲಿಲ್ಲ. ನೀರು, ಲವಣ, ವಾಂತಿ ನಿಲ್ಲಿಸುವ ಮದ್ದು, ಬೇರೆ ಸೋಂಕು ತಗುಲದಂತೆ ಆಂಟಿಬಯೋಟಿಕ್ ಇವುಗಳಿಂದ ಮರಿಯನ್ನು ಹಿಡಿದು ನಿಲ್ಲಿಸುವುದೇ ಚಿಕಿತ್ಸೆ. ಹಾಗಾಗಿ ತಡವಾದಷ್ಟೂ ಬಿಲ್ಲು ಬೆಳೆಯುತ್ತದೆ, ಮರಿ ಉಳಿಯುವ ಸಾಧ್ಯತೆ ಕುಗ್ಗುತ್ತದೆ.

ಆರು ತಿಂಗಳೊಳಗಿನ ಮರಿ ಎರಡು ಹೊತ್ತು ಊಟ ಬಿಟ್ಟರೆ, ಒಂದಕ್ಕಿಂತ ಹೆಚ್ಚು ಸಲ ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ, ವಸಡು ಬಿಳಿಚಿದರೆ, ಕಣ್ಣು ಮೂಗಿನಿಂದ ದಪ್ಪ ಸ್ರಾವ ಸುರಿದರೆ, ಸೆಳೆತ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಗದ್ದೆಯ ಕಡೆ ಹೋಗಿ ಬಂದ ಮರಿಯ ಮುಖ ಅಥವಾ ಕಾಲು ಇದ್ದಕ್ಕಿದ್ದಂತೆ ಊದಿದರೆ ಹಾವು ಕಚ್ಚಿರಬಹುದೆಂದು ಶಂಕಿಸಿ, ಕಟ್ಟು ಬಿಗಿಯುತ್ತಾ ಹೊತ್ತು ಕಳೆಯದೆ ಪ್ರತಿವಿಷ ಇರುವ ಆಸ್ಪತ್ರೆಗೆ ಫೋನು ಮಾಡುತ್ತಲೇ ಹೊರಡಬೇಕು.

ಪಾರ್ವೋ ಬಂದ ಮನೆಯನ್ನು ಫಿನಾಯಿಲ್‌ನಿಂದ ಒರೆಸಿದರೆ ಸಾಲದು. ಮೊದಲು ಸೋಪು ನೀರಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಡಬೇಕು. ಮಣ್ಣಿನ ಅಂಗಳವನ್ನು ಹೀಗೆ ಶುದ್ಧಗೊಳಿಸಲಾಗುವುದಿಲ್ಲವಾದ್ದರಿಂದ ಅಂಥ ಮನೆಗೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ವರ್ಷದವರೆಗೆ ತರದಿರುವುದೇ ಒಳ್ಳೆಯದು.

ಆರು ತಿಂಗಳ ನಂತರ

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮರಿ ಬಂದ ದಿನವೇ ಲೆಕ್ಕಕ್ಕೆ ಸೇರಿಸಿ. ಆರು ತಿಂಗಳ ಸುಮಾರಿಗೆ ಇದನ್ನು ಮಾಡಿಸುವುದು ವಾಡಿಕೆ. ದೊಡ್ಡ ತಳಿಗಳಿಗೆ ವೈದ್ಯರು ಇನ್ನೂ ಕೆಲವು ತಿಂಗಳು ಕಾಯಲು ಹೇಳಬಹುದು. ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ಕಾಯಿಲೆಯ ಭಯ ಇದರಿಂದ ತಪ್ಪುತ್ತದೆ, ಸ್ತನದ ಗಡ್ಡೆಗಳ ಸಂಭವ ಕಡಿಮೆಯಾಗುತ್ತದೆ, ಊರಿನಲ್ಲಿ ದಿಕ್ಕಿಲ್ಲದ ಮರಿಗಳ ಸಂಖ್ಯೆಯೂ ಬೆಳೆಯುವುದಿಲ್ಲ. ನಮ್ಮ ನಾಟಿ ಹೆಣ್ಣಿಗೆ ಖಾಸಗಿ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಸೇರಿ 7,000 ರೂಪಾಯಿಯಾಯಿತು. ಇದು ನಾಲ್ಕು ತಿಂಗಳ ಲೆಕ್ಕದಿಂದ ಹೊರಗಿನದು.

ಒಂದು ವರ್ಷ ತುಂಬಿದಾಗ ಸಂಯುಕ್ತ ಲಸಿಕೆ, ರೇಬೀಸ್ ಎರಡೂ ಮತ್ತೊಮ್ಮೆ ಬೇಕು. ಬಳಿಕ ರೇಬೀಸ್ ಮತ್ತು ಲೆಪ್ಟೋ ವರ್ಷಕ್ಕೊಮ್ಮೆ, ಉಳಿದವು ವೈದ್ಯರ ಸೂಚನೆಯಂತೆ. ರೇಬೀಸ್ ಲಸಿಕೆಯ ಪ್ರಮಾಣಪತ್ರದ ನಕಲನ್ನು ಜೊತೆಗಿಟ್ಟುಕೊಂಡು, ನಾಯಿಯ ನೋಂದಣಿಗೆ ಏನು ಬೇಕೆಂದು ನಿಮ್ಮ ಬಡಾವಣೆಯ ಪಾಲಿಕೆ ಕಚೇರಿಯಲ್ಲೋ ಪುರಸಭೆಯಲ್ಲೋ ವಿಚಾರಿಸಿ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವಾಗ ಮನೆಯಲ್ಲಿ ಮದುವೆಯೋ ದಸರೆಗೆ ಬರುವ ನೆಂಟರೋ ಇಲ್ಲದ ಎರಡು ವಾರಗಳನ್ನು ಆರಿಸಿಕೊಳ್ಳಿ. ಹೊಲಿಗೆ ತೆಗೆಯುವವರೆಗಿನ ಹತ್ತರಿಂದ ಹದಿನಾಲ್ಕು ದಿನ ಕೊರಳಿಗೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿದ ನಾಯಿ ಕಂಡಕಂಡ ಕುರ್ಚಿಗೆ ಡಿಕ್ಕಿ ಹೊಡೆಯುತ್ತಾ ತಿರುಗುತ್ತದೆ, ಮತ್ತು ಅದು ಗಾಯ ನೆಕ್ಕದಂತೆ ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಒಬ್ಬರು ಇರಲೇಬೇಕಾಗುತ್ತದೆ.